ಅಪ್ಪಯ್ಯನ ಯಕ್ಷಗಾನ ವಿಡಿಯೊಗಳನ್ನು ಪಿಎಸ್4ನಲ್ಲಿ ನೋಡುವ ಬಗೆ

ನಮ್ಮನೆ ಟಿವಿ ಸ್ಮಾರ್ಟ್ ಟಿವಿ ಅಲ್ಲ. ಆದರೆ ಚಿತ್ರ ಇವತ್ತಿಗೂ ಚೆನ್ನಾಗಿದೆ, ಹಾಗಾಗಿ ಬದಲಿಸುವ ಮನಸ್ಸಿಲ್ಲ. ಅದರ ಕೆಳಗೆ ಮಗನ ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4 ಗೇಮ್ ಪೆಟ್ಟಿಗೆ, ಇದೆ. ಕಂಪ್ಯೂಟರಿನಲ್ಲಿರುವ ವಿಡಿಯೊ ಫೈಲುಗಳನ್ನು ದೊಡ್ಡ ಪರದೆಯಲ್ಲಿ ನೋಡುವುದಕ್ಕೆ ಇದಕ್ಕಿಂತ ಬೇರೆ ಪೆಟ್ಟಿಗೆ ಬೇಕಾಗಿಲ್ಲ. ತುಂಬ ಮನೆಗಳಲ್ಲಿ ಪಿಎಸ್4 ಬರೀ ಗೇಮಿಗೆ ಮೀಸಲಾಗಿದೆ. ಅದರಲ್ಲಿ ಮನೆಯ ವಿಡಿಯೊಗಳೂ ಓಡುತ್ತವೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ.

ನಮ್ಮಲ್ಲಿರುವ ವಿಡಿಯೊಗಳು ಹೆಚ್ಚಿನವು ಅಪ್ಪಯ್ಯ ತೆಗೆದವು. ಕುಂದಾಪುರದ ಸುತ್ತಮುತ್ತ ನಡೆದ ಯಕ್ಷಗಾನದ ಹರಕೆ ಆಟಗಳು. ಭಾಗವತರನ್ನೂ ಆಟ ಆಡಿಸಿದ ಮನೆಯವರನ್ನೂ ಕೇಳಿಕೊಂಡು, ರಂಗಸ್ಥಳದ ಎದುರು ಟ್ರೈಪಾಡ್ ಹಾಕಿ, ರಾತ್ರಿ ಪೂರ್ತಿ ಕೂತು ತೆಗೆದದ್ದು. ಅವು ಈಗ ಹಾರ್ಡ್‌ಡಿಸ್ಕಿನಲ್ಲಿವೆ. ಅಮ್ಮ ಅವನ್ನು ತಾನೇ ಹಾಕಿಕೊಂಡು ನೋಡುವಂತಾಗಬೇಕು, ಪ್ರತಿ ಸಲ ನನ್ನನ್ನೋ ಮೊಮ್ಮಗನನ್ನೋ ಕರೆಯುವಂತಾಗಬಾರದು. ನಾನು ಎಲ್ಲವನ್ನೂ ಈ ಲೆಕ್ಕದಲ್ಲೇ ಮಾಡಿದ್ದೇನೆ. ಕಷ್ಟದ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ಒಂದೇ ಸಲ ಮುಗಿಯಬೇಕು. ಟಿವಿ ಮುಂದೆ ಕೂತವರಿಗೆ ಉಳಿಯುವುದು ಬಟನ್ ಒತ್ತುವ ಕೆಲಸ ಮಾತ್ರ.

ಮೊದಲು ಪಿಎಸ್4ನಲ್ಲಿ ಪ್ಲೇಸ್ಟೇಷನ್ ಸ್ಟೋರ್ ತೆರೆದು 'ಮೀಡಿಯಾ ಪ್ಲೇಯರ್' ಎಂಬ ಆಪ್ ಇಳಿಸಿಕೊಳ್ಳಿ. ಸೋನಿಯವರು ಇದನ್ನು 2015ರಲ್ಲಿ ಕೊಟ್ಟರು. ದುಡ್ಡು ಕೊಡಬೇಕಾಗಿಲ್ಲ. ಈ ಆಪ್ ಎರಡು ಕಡೆಯಿಂದ ವಿಡಿಯೊ ತೆಗೆದುಕೊಳ್ಳುತ್ತದೆ: ಯುಎಸ್‌ಬಿಗೆ ಚುಚ್ಚಿದ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಿಂದ, ಇಲ್ಲವೇ ಮನೆಯ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರಿನಿಂದ.

ಪಿಎಸ್4 ಎಂಥ ಫೈಲನ್ನು ಒಪ್ಪುತ್ತದೆ ಅನ್ನುವುದು ಮುಖ್ಯ. ಎಂಕೆವಿ, ಎಂಪಿ4, ಎವಿಐ, ಹ್ಯಾಂಡಿಕ್ಯಾಮಿನ ಎವಿಸಿಎಚ್‌ಡಿ, ಎಂಪೆಗ್-2 ಇವೆಲ್ಲ ನಡೆಯುತ್ತವೆ. ಆದರೆ ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ ಅಂತ ಇದ್ದ ಮಾತ್ರಕ್ಕೆ ಓಡುತ್ತದೆ ಅಂತಲ್ಲ. ಎಂಕೆವಿ, ಎಂಪಿ4 ಎಲ್ಲ ಮೇಳದ ವೇಷದ ಪೆಟ್ಟಿಗೆ ಇದ್ದ ಹಾಗೆ. ಒಳಗೆ ಯಾವ ವೇಷ ಇದೆ ಅನ್ನುವುದು ಪೆಟ್ಟಿಗೆ ತೆರೆದರೇ ಗೊತ್ತಾಗುವುದು. ಒಳಗಿನ ಚಿತ್ರವನ್ನು ಅಡಕಗೊಳಿಸಿದ ಬಗೆ ಎಚ್.264 ಆಗಿರಬೇಕು, ಅದೂ ಹೈ ಪ್ರೊಫೈಲ್, ಲೆವೆಲ್ 4.2ರ ಒಳಗೆ. ಧ್ವನಿ ಎಎಸಿ, ಎಂಪಿ3 ಅಥವಾ ಎಸಿ-3 ಆಗಿರಬೇಕು. ಎಚ್.265, ಅಂದರೆ ಎಚ್‌ಇವಿಸಿ, ಈ ಪಟ್ಟಿಯಲ್ಲಿಲ್ಲ. ಡಿಟಿಎಸ್ ಧ್ವನಿಯೂ ಇಲ್ಲ.

ಒಳಗೆ ಏನಿದೆ ಅಂತ ನೋಡಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಎಲ್ಲ ವಿವರ ಬರುತ್ತದೆ. ವಿಡಿಯೊ ಭಾಗದಲ್ಲಿ ಫಾರ್ಮ್ಯಾಟ್ ಎವಿಸಿ ಅಂತ ಇದ್ದರೆ ಅದೇ ಎಚ್.264. ಪ್ರೊಫೈಲ್ ಪಕ್ಕದಲ್ಲೇ ಲೆವೆಲ್ ಎಷ್ಟು ಅಂತಲೂ ಇರುತ್ತದೆ. ಸ್ಕ್ಯಾನ್ ಟೈಪ್ ಇಂಟರ್‌ಲೇಸ್ಡ್ ಅಂತ ಇದೆಯಾ ಅನ್ನುವುದನ್ನೂ ಗಮನಿಸಿ, ಅದರ ಮಾತು ಮುಂದೆ ಬರುತ್ತದೆ.

ಈಗಿನ ಫೋನುಗಳಲ್ಲಿ ತೆಗೆದ ವಿಡಿಯೊ ಎಷ್ಟೋ ಸಲ ಎಚ್‌ಇವಿಸಿಯಲ್ಲಿರುತ್ತದೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಆಂಡ್ರಾಯ್ಡ್‌ನಲ್ಲೂ ಹೆಚ್ಚಿನ ಫೋನುಗಳಲ್ಲಿ ಇಂಥದ್ದೊಂದು ಆಯ್ಕೆ ಇರುತ್ತದೆ. ಮನೆಯ ಕಾರ್ಯಕ್ರಮದ ಹಿಂದಿನ ದಿನವೇ ಇದನ್ನು ಮಾಡಿಟ್ಟರೆ ಆಮೇಲೆ ಪರಿವರ್ತನೆಯ ತಲೆನೋವು ಇಲ್ಲ.

ಹ್ಯಾಂಡಿಕ್ಯಾಮ್ ಕಡೆಗೆ ಬರುತ್ತೇನೆ. ಎಷ್ಟೋ ಮನೆಗಳ ಕಪಾಟಿನಲ್ಲಿ ಇದರ ಮೆಮೊರಿ ಕಾರ್ಡುಗಳು ಸುಮ್ನೆ ಬಿದ್ದಿವೆ. ಕಾರ್ಡಿನಲ್ಲಿ ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್ ಎಂಬ ಫೋಲ್ಡರ್ ಇರುತ್ತದೆ. ವಿಡಿಯೊ ಇರುವುದು ಅಲ್ಲಿ, ಎಂಟಿಎಸ್ ಫೈಲುಗಳಾಗಿ. ಮೊದಲು ಇಡೀ ಕಾರ್ಡನ್ನು ಇದ್ದ ಹಾಗೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಮುಟ್ಟಬೇಡಿ. ಕೆಲಸವೆಲ್ಲ ಇನ್ನೊಂದು ನಕಲಿನ ಮೇಲೆ.

ಅಪ್ಪಯ್ಯನ ಕ್ಯಾಮೆರಾ ಉದ್ದದ ರೆಕಾರ್ಡಿಂಗನ್ನು 2 ಜಿಬಿಗೊಂದರಂತೆ ತುಂಡು ಮಾಡುತ್ತದೆ. 17 ಎಂಬಿಪಿಎಸ್ (ಸೆಕೆಂಡಿಗೆ 17 ಮೆಗಾಬಿಟ್) ಗುಣಮಟ್ಟದಲ್ಲಿ ಒಂದು ತುಂಡು ಹದಿನಾರು ಹದಿನೇಳು ನಿಮಿಷ. ಗಂಟೆಗೆ ಸುಮಾರು 7.5 ಜಿಬಿ. ಎಂಟು ಗಂಟೆಯ ಆಟ ಅಂದರೆ 60 ಜಿಬಿ ಹತ್ತಿರ, ಸುಮಾರು ಮೂವತ್ತು ತುಂಡು. ಭಾಗವತರು ಪದ್ಯದ ನಡುವೆ ಏರುಸ್ವರಕ್ಕೆ ಹೋಗುವಾಗಲೇ ಫೈಲು ಮುಗಿದರೆ ನೋಡುವವರಿಗೆ ಎಂಥ ಬೇಜಾರು ಅಲ್ವಾ?

ಇದನ್ನು ಜೋಡಿಸಲು ಎಂಕೆವಿಟೂಲ್‌ನಿಕ್ಸ್ ಬಳಸಿ. ಇದೂ ಉಚಿತ. ಮೊದಲ ಎಂಟಿಎಸ್ ಫೈಲನ್ನು ಸೇರಿಸಿ. ಆಮೇಲೆ ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ಬೇರೆ ಫೈಲು ಸೇರಿಸುವ ಆಯ್ಕೆಗಳು ಬರುತ್ತವೆ. ಒಂದು 'ಅಪೆಂಡ್', ಇನ್ನೊಂದು 'ಅಡಿಷನಲ್ ಪಾರ್ಟ್ಸ್' ಆಗಿ ಸೇರಿಸುವುದು. ಕ್ಯಾಮೆರಾ ತಾನಾಗಿ ತುಂಡು ಮಾಡಿದ ಫೈಲುಗಳಿಗೆ ಎರಡನೆಯದು ಸರಿ. ಎಲ್ಲ ತುಂಡುಗಳನ್ನೂ ಅದು ಒಂದೇ ಉದ್ದದ ಫೈಲು ಅಂತ ಓದುತ್ತದೆ, ಹಾಗಾಗಿ ಕೂಡಿದ ಜಾಗದಲ್ಲಿ ಚಂಡೆಯ ಪೆಟ್ಟು ಹಾರುವುದಿಲ್ಲ. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ ರೆಕಾರ್ಡಿಂಗ್ ಆಗಿದ್ದರೆ ಮಾತ್ರ ಅಪೆಂಡ್. ಕೆಳಗಿನ 'ಸ್ಟಾರ್ಟ್ ಮಲ್ಟಿಪ್ಲೆಕ್ಸಿಂಗ್' ಒತ್ತಿದರೆ ಎಂಕೆವಿ ಫೈಲು ಸಿದ್ಧ.

ಈ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಅಂದರೆ ನಿಮಗೆ ಅನುಮಾನ ಬರಬಹುದು. ಇಲ್ಲಿ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಹೊಸದಾಗಿ ಮಾಡುತ್ತಿಲ್ಲ, ಪೆಟ್ಟಿಗೆ ಮಾತ್ರ ಬದಲಾಗುತ್ತಿದೆ. ಗುಣಮಟ್ಟ ಒಂದಿಷ್ಟೂ ಕಡಿಮೆ ಆಗುವುದಿಲ್ಲ. 'ಎಂಪಿ4 ಕನ್ವರ್ಟರ್' ಅಂತ ಸಿಕ್ಕಿದ್ದನ್ನು ಇಳಿಸಿಕೊಂಡು ಎಲ್ಲ ಫೈಲನ್ನೂ ಅದಕ್ಕೆ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪರಿವರ್ತಿಸಿದ ಪ್ರತಿ ಸಲವೂ ಚಿತ್ರ ಸ್ವಲ್ಪ ಸೋರುತ್ತದೆ. ಮೊದಲೇ ಗ್ಯಾಸ್‌ಲೈಟಿನಂಥ ಮಬ್ಬು ಬೆಳಕಿನಲ್ಲಿ ತೆಗೆದ ವಿಡಿಯೊ. ಮುಖವರ್ಣಿಕೆಯ ಗೆರೆಗಳು, ಕೇದಗೆ ಮುಂದಲೆಯ ಮಿನುಗು ಎಲ್ಲ ಅದರಲ್ಲೇ ಕರಗಿ ಹೋಗುತ್ತವೆ. ಪೆಟ್ಟಿಗೆ ಬದಲಿಸಿದರೆ ಸಾಕಾಗುವ ಕಡೆ ಅಷ್ಟನ್ನೇ ಮಾಡಿ.

ಇಡೀ ರಾತ್ರಿಯ ಆಟವನ್ನು ಒಂದೇ ಫೈಲಾಗಿ ಇಡುವುದು ನನಗೆ ಇಷ್ಟವಿಲ್ಲ. ಅಮ್ಮ ಒಂದು ಸಂಜೆಗೆ ಗಂಟೆ ಒಂದೂವರೆ ಗಂಟೆ ನೋಡುತ್ತಾರೆ. ಹಾಗಾಗಿ ಮತ್ತೆ ಎಂಕೆವಿಟೂಲ್‌ನಿಕ್ಸ್‌ನ 'ಔಟ್‌ಪುಟ್' ಟ್ಯಾಬಿಗೆ ಹೋಗಿ, ಸ್ಪ್ಲಿಟ್ ಮೋಡ್‌ನಲ್ಲಿ ಸಮಯ ಕೊಟ್ಟು ಕತ್ತರಿಸುತ್ತೇನೆ. ಒಡ್ಡೋಲಗ ಶುರುವಾಗುವ ಕಡೆ, ವೇಷ ಬದಲಾಗುವ ಕಡೆ, ಹಾಸ್ಯ ಮುಗಿಯುವ ಕಡೆ. ಆಟ ಗೊತ್ತಿರುವವರು ಕತ್ತರಿಸಿದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ನಮ್ಮಲ್ಲಿ ಆ ಸಮಯಗಳನ್ನೆಲ್ಲ ಅಪ್ಪಯ್ಯನೇ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು. ನೀವು ಕೊಟ್ಟ ಸಮಯಕ್ಕಿಂತ ಅರೆಕ್ಷಣ ಆಚೀಚೆ ತುಂಡಾಗಬಹುದು, ಅದು ಸಹಜ. ಚಿತ್ರಕ್ಕೆ ಕೈ ಹಾಕದೆ ಕತ್ತರಿಸಬೇಕಾದರೆ ಕೆಲವು ಜಾಗಗಳಲ್ಲಿ ಮಾತ್ರ ಸಾಧ್ಯ.

ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ತಾರೀಖು, ಆಮೇಲೆ ಊರು, ಕೊನೆಗೆ ಭಾಗದ ಸಂಖ್ಯೆ ಇಡಿ. ಸಂಖ್ಯೆ 01, 02 ಅಂತ ಎರಡಂಕಿಯಲ್ಲಿರಲಿ. ಇಲ್ಲದಿದ್ದರೆ 10ನೇ ಭಾಗ 2ಕ್ಕಿಂತ ಮೊದಲು ಬಂದು ಕೂರಬಹುದು.

ಕೆಲವು ವಿಡಿಯೊಗಳಿಗೆ ನಿಜವಾಗಿಯೂ ಪರಿವರ್ತನೆ ಬೇಕು. ಒಂದು, ಇಂಟರ್‌ಲೇಸ್ಡ್ ತೊಂದರೆ. ಹಳೆಯ ಹ್ಯಾಂಡಿಕ್ಯಾಮುಗಳು ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ತೆಗೆಯುತ್ತಿದ್ದವು: ಒಮ್ಮೆ ಸಮ ಸಾಲುಗಳು, ಒಮ್ಮೆ ಬೆಸ ಸಾಲುಗಳು. ನಿಂತ ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ. ವೇಷಧಾರಿ ಮಂಡಿ ಹಾಕಿ ತಿರುಗುವಾಗ ಅಂಚಿನಲ್ಲೆಲ್ಲ ಅಡ್ಡ ಗೆರೆಗಳು ಎದ್ದರೆ ಅದರ ಕಾರಣ ಇದು. ನಿಮ್ಮ ಟಿವಿಯಲ್ಲಿ ಗೆರೆ ಕಾಣದಿದ್ದರೆ ಹಾಗೇ ಬಿಡಿ. ಕಂಡರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆಯಿರಿ. 'ಫಿಲ್ಟರ್ಸ್' ಟ್ಯಾಬಿನಲ್ಲಿ ಡಿಇಂಟರ್‌ಲೇಸ್‌ಗೆ ಯಾಡಿಫ್, ಅದರ ಪಕ್ಕದಲ್ಲಿ ಬಾಬ್ ಆರಿಸಿ. ಬಾಬ್ ಆರಿಸಿದರೆ ಪ್ರತಿ ಅರ್ಧ ಚಿತ್ರವೂ ಒಂದು ಪೂರ್ತಿ ಚಿತ್ರವಾಗಿ, ಸೆಕೆಂಡಿಗೆ 50 ಚಿತ್ರ ಸಿಗುತ್ತವೆ. ಕುಣಿತ ನುಣುಪಾಗಿ ಕಾಣುತ್ತದೆ. ಬಾಬ್ ಇಲ್ಲದೆ ಮಾಡಿದರೆ 25ಕ್ಕೆ ಇಳಿಯುತ್ತದೆ, ಹೆಜ್ಜೆಗಾರಿಕೆಯ ಅರ್ಧ ಚಲನೆ ಹೋಗುತ್ತದೆ. ಯಕ್ಷಗಾನಕ್ಕೆ 25 ಸಾಲದು, ಇದು ನನ್ನ ಗಟ್ಟಿ ಅಭಿಪ್ರಾಯ.

'ವಿಡಿಯೊ' ಟ್ಯಾಬಿನಲ್ಲಿ ಎಚ್.264, ಫ್ರೇಮ್‌ರೇಟ್ 50, ಪ್ರೊಫೈಲ್ ಹೈ, ಲೆವೆಲ್ 4.2 ಇಡಿ. 1080 ಸಾಲಿನ ಚಿತ್ರ ಸೆಕೆಂಡಿಗೆ 50ರಂತೆ ಓಡಲು 4.2 ಬೇಕೇ ಬೇಕು, ಪಿಎಸ್4 ಒಪ್ಪುವ ಗಡಿಯೂ ಅದೇ. ಗುಣಮಟ್ಟದ ಸಂಖ್ಯೆ 20ರ ಆಸುಪಾಸಿನಲ್ಲಿರಲಿ. ಸಂಖ್ಯೆ ಕಡಿಮೆ ಮಾಡಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. 'ಆಡಿಯೊ'ದಲ್ಲಿ ಎಸಿ-3 ಪಾಸ್‌ಥ್ರೂ ಆರಿಸಿದರೆ ಧ್ವನಿ ಕ್ಯಾಮೆರಾದಲ್ಲಿದ್ದ ಹಾಗೇ ಬರುತ್ತದೆ. ಇಡೀ ಫೈಲನ್ನು ಹಾಕುವ ಮೊದಲು, ಮೇಲಿನ ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ ಒಂದು ನಿಮಿಷದಷ್ಟು ಮಾತ್ರ ಪರಿವರ್ತಿಸಿ ಟಿವಿಯಲ್ಲಿ ನೋಡಿ. ಜೋರು ಕುಣಿತದ ನಿಮಿಷವನ್ನೇ ಆರಿಸಿ.

ಮಿನಿಡಿವಿ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ವಿಡಿಯೊಗಳಿಗೂ ಇದೇ ದಾರಿ. ಅವು ಎವಿಐ ಆಗಿದ್ದರೂ ಒಳಗೆ ಡಿವಿ ಇರುತ್ತದೆ. ಗಂಟೆಗೆ 13 ಜಿಬಿಯಷ್ಟು ಜಾಗ ತಿನ್ನುವ ಈ ಫೈಲುಗಳ ಮೂಲವನ್ನು ಅಳಿಸಬೇಡಿ, ನೋಡಲು ಮಾತ್ರ ಎಚ್.264 ನಕಲು ಮಾಡಿಕೊಳ್ಳಿ.

ಎರಡನೆಯದು, ಪರದೆಯ ಮೇಲೆ ಪದ್ಯದ ಸಾಲು. ಇದು ನನಗೆ ತುಂಬ ಪ್ರೀತಿಯ ಕೆಲಸ. ಚಂಡೆ ಮದ್ದಳೆಯ ನಡುವೆ ಭಾಗವತರ ಪದ್ಯದ ಶಬ್ದಗಳು ಮಕ್ಕಳಿಗೆ ಹಿಡಿಯುವುದಿಲ್ಲ. ಪದ್ಯ ಕೆಳಗೆ ಕನ್ನಡದಲ್ಲಿ ಮೂಡಿದರೆ ಅವರೂ ಕೂತು ನೋಡುತ್ತಾರೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ ಓಡಿಸುತ್ತ, ಯಾವ ಸಾಲು ಯಾವಾಗ ಬರಬೇಕು ಅಂತ ಗುರುತು ಹಾಕಿ ಎಸ್‌ಆರ್‌ಟಿ ಫೈಲು ಮಾಡಬಹುದು.

ಇಲ್ಲಿ ಕನ್ನಡಕ್ಕೇ ಸೇರಿದ ಎರಡು ತೊಡಕುಗಳಿವೆ. ಪದ್ಯಗಳನ್ನು ಯಾರಾದರೂ ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟಿದ್ದರೆ ಅದನ್ನು ನೇರ ಅಂಟಿಸಬೇಡಿ. ಅದು ಯುನಿಕೋಡ್ ಅಲ್ಲ, ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಮೂಡುತ್ತವೆ. ನುಡಿಯಲ್ಲೇ ಇರುವ ಪರಿವರ್ತಕದಿಂದ ಯುನಿಕೋಡ್ ಮಾಡಿಕೊಳ್ಳಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಸರಿ ಬಂದಿದೆಯಾ ಅಂತ ಕಣ್ಣಾಡಿಸಿ. ಇನ್ನೊಂದು, ಫೈಲು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಬೇಕು. ಬೇರೆ ಏನಾದರೂ ಆದರೆ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ.

ಆಮೇಲೆ ಹ್ಯಾಂಡ್‌ಬ್ರೇಕಿನ 'ಸಬ್‌ಟೈಟಲ್ಸ್' ಟ್ಯಾಬಿನಲ್ಲಿ ಆ ಎಸ್‌ಆರ್‌ಟಿ ಸೇರಿಸಿ 'ಬರ್ನ್ ಇನ್' ಗುರುತು ಹಾಕಿ. ಅಕ್ಷರಗಳು ಚಿತ್ರದ ಭಾಗವೇ ಆಗಿಬಿಡುತ್ತವೆ. ಮತ್ತೆ ತೆಗೆಯಲು ಆಗುವುದಿಲ್ಲ. ಆದರೆ ಕನ್ನಡ ಫಾಂಟ್ ಇಲ್ಲದ ಪೆಟ್ಟಿಗೆಯಲ್ಲೂ 'ಕ್ಷ್ಮಿ', 'ಸ್ತ್ರೀ' ಒಡೆಯದೆ ಬರುತ್ತವೆ. ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ಫಾಂಟ್ ಇರಲಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಇರುತ್ತದೆ, ಬೇಕಿದ್ದರೆ ನೋಟೊ ಸಾನ್ಸ್ ಕನ್ನಡ ಹಾಕಿಕೊಳ್ಳಬಹುದು. ಇಲ್ಲಿಯೂ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿ, ಒತ್ತಕ್ಷರ ಜಾಸ್ತಿ ಇರುವ ಪದ್ಯದ ಮೇಲೆ.

ಇನ್ನು ಫೈಲನ್ನು ಟಿವಿಗೆ ತಲುಪಿಸುವುದು. ಸುಲಭದ ದಾರಿ ಪೆನ್‌ಡ್ರೈವ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಬಗೆಗಳಲ್ಲಿ ಪಿಎಸ್4 ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಓದುತ್ತದೆ, ಎನ್‌ಟಿಎಫ್‌ಎಸ್ ಓದುವುದಿಲ್ಲ. ವಿಂಡೋಸ್‌ನಲ್ಲಿ ಬಳಸಿದ ದೊಡ್ಡ ಹಾರ್ಡ್‌ಡಿಸ್ಕುಗಳು ಹೆಚ್ಚಾಗಿ ಎನ್‌ಟಿಎಫ್‌ಎಸ್ ಆಗಿರುತ್ತವೆ, ಅದಕ್ಕೇ ಪಿಎಸ್4ಗೆ ಕಾಣುವುದಿಲ್ಲ. ಫ್ಯಾಟ್32ನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ನಮಗೆ ಬೇಕಾದದ್ದು ಎಕ್ಸ್‌ಫ್ಯಾಟ್. ಡ್ರೈವಿನ ಮೇಲೆ ಬಲ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್. ಅದರಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಫೈಲುಗಳನ್ನು ಒಂದು ಫೋಲ್ಡರಿನ ಒಳಗೆ ಹಾಕಿ.

ಒಂದು ಎಚ್ಚರಿಕೆ. ಪಿಎಸ್4ನ ಸೆಟ್ಟಿಂಗ್ಸ್‌ನಲ್ಲಿ, ಡಿವೈಸಸ್ ಕೆಳಗೆ, 'ಫಾರ್ಮ್ಯಾಟ್ ಆ್ಯಸ್ ಎಕ್ಸ್‌ಟೆಂಡೆಡ್ ಸ್ಟೋರೇಜ್' ಎಂಬ ಆಯ್ಕೆ ಇದೆ. ಅದು ಗೇಮುಗಳನ್ನು ತುಂಬಿಸಲು. ನಿಮ್ಮ ವಿಡಿಯೊ ಡಿಸ್ಕಿನ ಮೇಲೆ ಅದನ್ನು ಒತ್ತಿದರೆ ಅಷ್ಟೂ ವಿಡಿಯೊ ಅಳಿಸಿ ಹೋಗುತ್ತವೆ. ಮಕ್ಕಳಿಗೂ ಹೇಳಿಡಿ.

ಎಕ್ಸ್‌ಫ್ಯಾಟ್ ಡಿಸ್ಕು ಓಡುತ್ತಿರುವಾಗ ಕರೆಂಟ್ ಹೋದರೆ ಡಿಸ್ಕಿನ ಲೆಕ್ಕ ತಪ್ಪುವ ಸಾಧ್ಯತೆ ಇದೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಹಾಗಾಗಿ ಟಿವಿ ಕೆಳಗಿನ ಡಿಸ್ಕಿನಲ್ಲಿ ನಕಲುಗಳು ಮಾತ್ರ ಇರುತ್ತವೆ, ಮೂಲ ಬೇರೆ ಕಪಾಟಿನಲ್ಲಿ.

ಎರಡನೆಯ ದಾರಿ ನೆಟ್‌ವರ್ಕ್. ಕಂಪ್ಯೂಟರಿನಲ್ಲಿ ಯೂನಿವರ್ಸಲ್ ಮೀಡಿಯಾ ಸರ್ವರ್ ಹಾಕಿ. ಪಿಎಸ್3 ಕಾಲದಲ್ಲಿ ಹುಟ್ಟಿದ ಪಿಎಸ್3 ಮೀಡಿಯಾ ಸರ್ವರ್‌ನಿಂದ ಕವಲೊಡೆದು ಬಂದ ಉಚಿತ ತಂತ್ರಾಂಶ ಇದು. ಮೊದಲ ಸಲ ತೆರೆದಾಗ ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳುತ್ತದೆ, ಪ್ರೈವೇಟ್ ನೆಟ್‌ವರ್ಕಿಗೆ ಕೊಡಿ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೂ ನಿಮ್ಮ ಮನೆಯ ಸಂಪರ್ಕ ಪ್ರೈವೇಟ್ ಅಂತಲೇ ಇರಬೇಕು. ವಿಡಿಯೊಗಳಿರುವ ಫೋಲ್ಡರನ್ನು ಹಂಚಿಕೆಗೆ ಸೇರಿಸಿ. ಪಿಎಸ್4ನಲ್ಲಿ ಮೀಡಿಯಾ ಪ್ಲೇಯರ್ ತೆರೆದರೆ ಸರ್ವರಿನ ಹೆಸರು ಬರುತ್ತದೆ. ಒಳಗೆ ಹೋಗಿ ಫೈಲು ಆರಿಸಿದರೆ ಆಯಿತು. ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಡೇಟಾ ಖರ್ಚಿಲ್ಲ. ಎರಡೂ ಒಂದೇ ರೂಟರಿಗೆ ಸೇರಿದ್ದರೆ ಸಾಕು.

ಸರ್ವರ್ ಕಾಣದಿದ್ದರೆ, ಒಂದು ಗೆಸ್ಟ್ ವೈಫೈಗೆ ಇನ್ನೊಂದು ಮುಖ್ಯ ವೈಫೈಗೆ ಸೇರಿದೆಯಾ ನೋಡಿ. ಕಂಪ್ಯೂಟರ್ ನಿದ್ದೆಗೆ ಹೋಗಿದೆಯಾ ಅಂತಲೂ ನೋಡಿ. ಅದರ ಸ್ಲೀಪ್ ಆಯ್ಕೆ ಬಂದ್ ಮಾಡಿಡುವುದು ಒಳ್ಳೆಯದು.

ಈ ಸರ್ವರ್ ಪಿಎಸ್4ಗೆ ಒಗ್ಗದ ಫೈಲನ್ನು ಓಡುತ್ತಿರುವಾಗಲೇ ಪರಿವರ್ತಿಸಿ ಕಳಿಸಬಲ್ಲದು. ಎಚ್‌ಇವಿಸಿ ವಿಡಿಯೊವನ್ನು ಒಂದು ಸಲ ನೋಡಿ ಬಿಡುವುದಾದರೆ ಅನುಕೂಲ. ಆದರೆ ಹಳೆಯ ಲ್ಯಾಪ್‌ಟಾಪ್ ಆದರೆ ಫ್ಯಾನು ಹೊಡೆದುಕೊಳ್ಳುತ್ತದೆ, ಚಿತ್ರ ತಡೆತಡೆದು ಬರುತ್ತದೆ. ಮತ್ತೆ ಮತ್ತೆ ನೋಡುವ ವಿಡಿಯೊವನ್ನು ಮೊದಲೇ ಸರಿಮಾಡಿ ಇಡುವುದೇ ಲೇಸು.

ನಿಂತು ನಿಂತು ಓಡಿದರೆ ಹೆಚ್ಚಿನ ಸಲ ಕಾರಣ ವೈಫೈ. ಮೊದಲ ಮಾದರಿಯ ಪಿಎಸ್4ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದೆ, ಸ್ಲಿಮ್ ಮತ್ತು ಪ್ರೊದಲ್ಲಿ 5 ಗಿಗಾಹರ್ಟ್ಸ್ ಕೂಡ ಇದೆ. ನಮ್ಮ ಮನೆಯದ್ದು ದಪ್ಪ ಕೆಂಪುಕಲ್ಲಿನ ಗೋಡೆ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ, 5 ಗಿಗಾಹರ್ಟ್ಸ್ ಇನ್ನೂ ಬೇಗ ಸೊರಗುತ್ತದೆ. ರೂಟರಿನಿಂದ ಪಿಎಸ್4ಗೆ ಒಂದು ಲ್ಯಾನ್ ಕೇಬಲ್ ಎಳೆಸಿದೆ, ಅಲ್ಲಿಗೆ ಆ ತೊಂದರೆ ಮುಗಿಯಿತು. ಕೇಬಲ್ಲಿಗೆ 17 ಎಂಬಿಪಿಎಸ್ ಯಾವ ಲೆಕ್ಕ. ಕಂಪ್ಯೂಟರಿಗೂ ಕೇಬಲ್ ಇದ್ದರೆ ಇನ್ನೂ ಒಳ್ಳೆಯದು.

ಅಮ್ಮನಿಗಾಗಿ ಮಾಡಿದ ಸಣ್ಣ ಪುಟ್ಟ ಏರ್ಪಾಡುಗಳನ್ನೂ ಹೇಳುತ್ತೇನೆ. ಸೆಟ್ಟಿಂಗ್ಸ್‌ನ ಪವರ್ ಸೇವ್ ವಿಭಾಗದಲ್ಲಿ, ವಿಡಿಯೊ ಓಡುವಾಗ ಎಷ್ಟು ಹೊತ್ತಿಗೆ ಪಿಎಸ್4 ಆಫ್ ಆಗಬೇಕು ಅಂತ ಇರುತ್ತದೆ. ಉದ್ದದ ಆಟ ನೋಡುವ ಮನೆಯಲ್ಲಿ ಆಫ್ ಆಗದ ಹಾಗೆ ಇಡಿ. ಕಂಟ್ರೋಲರ್ ಮಾತ್ರ ಬೇಗ ಆಫ್ ಆಗಲಿ, ಚಾರ್ಜು ಉಳಿಯುತ್ತದೆ. ಮತ್ತೆ ಬೇಕಾದಾಗ ನಡುವಿನ ಪಿಎಸ್ ಬಟನ್ ಒತ್ತಿದರೆ ಏಳುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಡಿವೈಸ್ ಲಿಂಕ್ ಆನ್ ಮಾಡಿದರೆ ಕೆಲವು ಟಿವಿಗಳಲ್ಲಿ ಟಿವಿ ರಿಮೋಟಿನಿಂದಲೇ ಪಿಎಸ್4 ಮೆನುವಿನಲ್ಲಿ ಓಡಾಡಬಹುದು. ಅಮ್ಮನಿಗೆ ಕಲಿಸಿದ್ದು ಇಷ್ಟೇ: ಬಾಣದ ಬಟನ್ನಿನಿಂದ ಮೇಲೆ ಕೆಳಗೆ, ಕ್ರಾಸ್ ಒತ್ತಿದರೆ ಶುರು, ವೃತ್ತ ಒತ್ತಿದರೆ ಹಿಂದಕ್ಕೆ. ಈಗ ಅವರು ಪಕ್ಕದ ಮನೆಯವರನ್ನು ಕರೆದು ತಾವೇ ಆಟ ಹಾಕುತ್ತಾರೆ.

ಪಿಎಸ್5 ಇರುವವರು ಇದನ್ನೇ ಹುಡುಕಿದರೆ ಸಿಗುವುದಿಲ್ಲ. ನೆಟ್‌ವರ್ಕಿನಿಂದ ಓಡಿಸುವ ಈ ಮೀಡಿಯಾ ಪ್ಲೇಯರ್ ಅದರಲ್ಲಿಲ್ಲ. ಅಲ್ಲಿ ಇಂಥದ್ದೇ ಕೆಲಸ ಮಾಡುವ ಪ್ಲೆಕ್ಸ್ ಆಪ್ ಹಾಕಿ, ಕಂಪ್ಯೂಟರಿನಲ್ಲಿ ಪ್ಲೆಕ್ಸ್ ಸರ್ವರ್ ಇಟ್ಟುಕೊಳ್ಳಬೇಕು. ಎಕ್ಸ್‌ಬಾಕ್ಸ್ ಒನ್ ಅಥವಾ ಸೀರೀಸ್ ಎಸ್, ಎಕ್ಸ್ ಇರುವವರಿಗೆ ವಿಎಲ್‌ಸಿ, ಕೋಡಿ ಎಂಬ ವಿಡಿಯೊ ಆಪ್‌ಗಳು ಎರಡೂ ಅವರ ಸ್ಟೋರಿನಲ್ಲೇ ಸಿಗುತ್ತವೆ. ಎಕ್ಸ್‌ಬಾಕ್ಸ್ ಎನ್‌ಟಿಎಫ್‌ಎಸ್ ಡಿಸ್ಕನ್ನೂ ಓದುತ್ತದೆ, ಫಾರ್ಮ್ಯಾಟ್ ಮಾಡುವ ಗೋಜಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ, ವಿಡಿಯೊದಲ್ಲಿರುವ ಕಲಾವಿದರ ಮನೆಗೂ ಒಂದು ಪ್ರತಿ ಕೊಡಿ. ಎಷ್ಟೋ ವೇಷಧಾರಿಗಳ ಬಳಿ ಅವರದ್ದೇ ಪಾತ್ರದ ಒಂದು ಒಳ್ಳೆಯ ವಿಡಿಯೊ ಇರುವುದಿಲ್ಲ. ಅವರ ಮನೆಯಲ್ಲಿ ಯಾವ ಟಿವಿ ಇದೆಯೋ ಗೊತ್ತಿರುವುದಿಲ್ಲ, ಎಷ್ಟೋ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಹಾಗಾಗಿ 32 ಜಿಬಿಯ ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ, ಎಂಕೆವಿಟೂಲ್‌ನಿಕ್ಸ್‌ನ ಸ್ಪ್ಲಿಟ್‌ನಲ್ಲಿ ಸಮಯದ ಬದಲು ಗಾತ್ರ ಆರಿಸಿ 3900 ಎಂಬಿ ಕೊಟ್ಟು, ಅವರ ಪಾತ್ರ ಇರುವ ಭಾಗಗಳನ್ನು ತುಂಬಿಸಿ ಕೊಟ್ಟರೆ ಹೆಚ್ಚಿನ ಟಿವಿಗಳಲ್ಲಿ ನೇರವಾಗಿ ಓಡುತ್ತದೆ.